ಎರಡನೇ ಮುದ್ದೆಗಾಗಿ ಉಸಿರಾಡಿದ್ದು

ನನ್ನ ತೂಕ ನೋಡಿ ಅವ್ವ ಎರಡನೇ ಮುದ್ದೆ ನಿಲ್ಲಿಸಿಬಿಟ್ಟಳು. ನಮ್ಮ ಚಿನಕುರಳಿ ಕಡೆ ನನ್ನ ವಯಸ್ಸಿನವನು ಒಂದೇ ಮುದ್ದೆಗೆ ಎದ್ದರೆ ಜ್ವರವೇನೋ ಎಂದು ವಿಚಾರಿಸುತ್ತಾರೆ. ನನ್ನ ದೇಹದ ಎಂಜಿನ್ನು ದೊಡ್ಡದು, ತಿಂದದ್ದೆಲ್ಲ ಉರಿದುಹೋಗುತ್ತದೆ ಎಂದು ವಾದ ಮಾಡಿದೆ.

"ಉರ್ದೋಗಿದ್ರೆ ಪ್ಯಾಂಟು ಯಾಕ್ಲಾ ಅರ್ದೋಯ್ತಿತ್ತು?" ಎಂದಳು.

ಶ್ರೀರಂಗಪಟ್ಟಣದ ಒಂದು ಕ್ಲಿನಿಕ್ಕಿನಲ್ಲಿ ದೇಹ ಸುಮ್ಮನಿದ್ದಾಗ ಎಷ್ಟು ಉರಿಸುತ್ತದೆ ಎಂದು ಅಳೆಯುವ ಮಿಷನ್ನಿದೆ ಎಂದು ಗೊತ್ತಾಯಿತು. ಮುಖಕ್ಕೆ ಮಾಸ್ಕು ಹಾಕಿ ಮಲಗಿಸುತ್ತಾರೆ. ಒಳಗೆ ಎಳೆದ ಆಮ್ಲಜನಕ ಎಷ್ಟು, ಹೊರಗೆ ಬಿಟ್ಟ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ನೋಡಿ ಲೆಕ್ಕ ಹಾಕುತ್ತಾರೆ. ಲೆಕ್ಕ ದೊಡ್ಡದು ಬಂದರೆ ಎರಡನೇ ಮುದ್ದೆ ವಾಪಸ್ಸು ಎಂದು ಅವ್ವನಿಂದ ಮಾತು ತೆಗೆದುಕೊಂಡೆ. ಉಪವಾಸ ಬರಬೇಕೆಂದು ಫೋನಿನಲ್ಲಿ ಹೇಳಿದ್ದರು. ಕಷ್ಟವೇನಿಲ್ಲ, ಹೋಗಬೇಕಾದ್ದು ಶನಿವಾರ. ಶನಿವಾರ ನಮ್ಮ ಮನೆಯಲ್ಲಿ ಎಲ್ಲರೂ ಉಪವಾಸವೇ.

ಶನಿವಾರ ಅಳೆದಾದ ಮೇಲೆ ನನ್ನ ಮಾಸ್ಕು ಬಿಚ್ಚಿದ ಕ್ಲಿನಿಕ್ಕಿನ ಮೇಡಂ ಪರದೆಯನ್ನೇ ನೋಡುತ್ತಾ ನಿಂತರು. "ತುಂಬಾ ಜಾಸ್ತಿ ತೋರಿಸ್ತಿದೆಯಲ್ಲ. ಖಾಲಿ ಹೊಟ್ಟೇಲಿ ತಾನೆ ಬಂದಿರೋದು?"

ನಾನು ಬಾಯಿ ತೆರೆಯುವ ಮುಂಚೆ ಅವ್ವ ಹೆಮ್ಮೆಯಿಂದ ಮುಂದೆ ಬಂದಳು. "ಉಪಾಸ ಕಣವ್ವ. ಒಂದಗಳು ಅನ್ನ ಮುಟ್ಟಿಲ್ಲ. ಬರೀ ಉಪ್ಪಿಟ್ಟು, ಬಾಳೆಅಣ್ಣು, ಒಂದು ಚೊಂಬು ಆಲು."

ಮೇಡಂ ಪೆನ್ನು ಕೆಳಗಿಟ್ಟರು. "ಮನೆಯಿಂದ ನೇರ ಇಲ್ಲಿಗೇ ಬಂದ್ರಾ?"

"ಎಲ್ಲಾರ ಉಂಟಾ? ಶನಿವಾರ ಅಲ್ವಾ, ಕರಿಘಟ್ಟದ ಬೆಟ್ಟ ಅತ್ತಿ ದೇವ್ರಿಗೆ ಕೈ ಮುಗ್ದು ಬಂದೋ. ನಾನು ನಿಧಾನುಕ್ಕೆ ಅತ್ದೆ. ಇವ್ನು ಪ್ರಸಾದ ಮುಗ್ದೋಯ್ತದೆ ಅಂತ ಓಡ್ಬುಟ್ಟ."

ಪ್ರಸಾದ ಎಷ್ಟು ಸಲ ಈಸಿಕೊಂಡಿರಿ ಎಂದು ಮೇಡಂ ಕೇಳಲಿಲ್ಲ. ಅದು ಅವರ ದೊಡ್ಡ ಗುಣ. ತಿಂದದ್ದನ್ನು ಅರಗಿಸುವುದಕ್ಕೂ ದೇಹ ಉರಿಯಬೇಕಂತೆ, ಬೆಟ್ಟ ಹತ್ತಿದರೆ ಇಳಿದ ಮೇಲೂ ಸ್ವಲ್ಪ ಹೊತ್ತು ಉರಿಯುತ್ತಲೇ ಇರುತ್ತದಂತೆ. "ಇದರಲ್ಲಿ ಉಪ್ಪಿಟ್ಟು ಎಷ್ಟು, ಬೆಟ್ಟ ಎಷ್ಟು, ನೀವೆಷ್ಟು ಅಂತ ಹೇಳೋಕಾಗಲ್ಲ. ಸೋಮವಾರ ಬನ್ನಿ. ನೀರು ಬಿಟ್ಟು ಏನೂ ಬೇಡ. ದೇವರೂ ಬೇಡ."

ಸೋಮವಾರ ಅವ್ವ ಬಸ್ಸಿನಲ್ಲಿ ನನ್ನ ಪಕ್ಕ ಪೊಲೀಸಿನವರ ಹಾಗೆ ಕೂತು ಬಂದಳು. ಮಾಸ್ಕಿನೊಳಗೆ ನಾನು ಭುಸುಭುಸು ಉಸಿರೆಳೆದೆ, ಲೆಕ್ಕ ಏರಲಿ ಎಂದು. "ಹಾಗೆಲ್ಲ ಮಾಡಿದ್ರೆ ಇಲ್ಲಿ ಗೊತ್ತಾಗುತ್ತೆ" ಎಂದರು ಮೇಡಂ. ಸುಮ್ಮನಾದೆ. ಸುಮ್ಮನಾದದ್ದೇ ನಿದ್ದೆ ಹತ್ತಿತು. ನಿದ್ದೆಯೂ ಮಾಡಬಾರದಂತೆ, ತಟ್ಟಿ ಎಬ್ಬಿಸಿದರು. ಕೊನೆಗೆ ಬಂದ ಲೆಕ್ಕ, ನನ್ನ ವಯಸ್ಸು, ಎತ್ತರ, ತೂಕದವರಿಗೆ ಎಷ್ಟಿರಬೇಕೋ ಅಷ್ಟೇ. ದೊಡ್ಡ ಎಂಜಿನ್ನು ಎಲ್ಲೂ ಇರಲಿಲ್ಲ.

"ಅಂಗಾದ್ರೆ ಒಂದೇ ಮುದ್ದೆ" ಎಂದಳು ಅವ್ವ.

"ಇದು ಮನ್ಗಿದ್ದಾಗಿನ ಲೆಕ್ಕ ಕಣವ್ವ. ಎದ್ದು ಓಡಾಡೋದೂ ಸೇರ್ಬೇಕು."

ಮೇಡಂ ಹೌದೆಂದು ತಲೆಯಾಡಿಸಿದರು. ನನಗೆ ಜೀವ ಬಂತು.

"ಎದ್ದು ಓಡಾಡೋದಾ? ಯಾವತ್ಲಾ?" ಎಂದಳು ಅವ್ವ. ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು.

ಮಧ್ಯಾಹ್ನ ತಟ್ಟೆಗೆ ಒಂದು ಮುದ್ದೆ, ಬಸ್ಸಾರು ಬಿತ್ತು. ಮುಗಿಸಿ ಪಾತ್ರೆಯ ಕಡೆ ನೋಡಿದೆ. ಅವ್ವ ಕುಡುಗೋಲು ತಂದು ತಟ್ಟೆಯ ಪಕ್ಕ ಇಟ್ಟಳು.

"ದನ್ಗೊಳ್ಗೆ ಉಲ್ಲು ಕುಯ್ಕೊಂಡು ಬಾ. ಆಮೇಲೆ ಅರ್ಧ ಕೊಡ್ತೀನಿ."

"ಎಷ್ಟು ಕುಯ್ಬೇಕು?"

"ಒಟ್ಟೆ ಅಸಿಯೋಗಂಟ."

"ಈಗ್ಲೇ ಅಸೀತಾದಲ್ಲವ್ವ" ಎಂದೆ.

ಅವ್ವ ಕುಡುಗೋಲನ್ನು ಇನ್ನಷ್ಟು ಹತ್ತಿರ ಸರಿಸಿದಳು.