ಬೇರು ಬಿಡಲು ಹೇಳಿದ ಡಾಕ್ಟರು

ದಾವಣಗೆರೆಯ ಆ ಹಲ್ಲಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕಿರುಬೆರಳಲ್ಲಿ ತೋರಿಸುತ್ತಿದ್ದರು. ಮಾತು ಮಾತಿಗೂ "ಅವಸರ ಬ್ಯಾಡ್ರಿ" ಎನ್ನುತ್ತಿದ್ದರು.

"ನಿಮ್ಮ ಬುದ್ಧಿಹಲ್ಲಿನ ಬೇರು ತುಟಿಯ ನರಕ್ಕೆ ತಾಗೈತೆ. ಮೇಲಿನ ಭಾಗ ಅಷ್ಟೇ ಕತ್ತರಿಸಿ ತೆಗೀತೀನಿ, ಬೇರು ಅಲ್ಲೇ ಇರ್ಲಿ. ನಾಲ್ಕು ದಿನ ಬಾವು ಇರ್ತೈತೆ, ಆಮೇಲೆ ಇಳೀತೈತೆ."

ನನಗೆ ಅದು ಅರ್ಧ ಕೆಲಸವೆನಿಸಿತು. ನಮ್ಮೂರು ಹರಿಹರಕ್ಕೆ ಮರಳಿ, ಹಟ ಹಿಡಿದು ಬೇರೊಬ್ಬರಿಂದ ಪೂರ್ತಿ ಕೀಳಿಸಿಕೊಂಡೆ. ಕೆಳತುಟಿಗೆ ಹಿಡಿದ ಜೋಮು ಬಿಡಲೇ ಇಲ್ಲ.

ವರ್ಷವಾದ ಮೇಲೆ ನಾಚಿಕೆ ನುಂಗಿಕೊಂಡು ದಾವಣಗೆರೆಯ ಆ ಡಾಕ್ಟರಲ್ಲಿಗೇ ಹೋದೆ. ಅವರು ಬೈಯಲಿಲ್ಲ. ಚೂರು ಹತ್ತಿ ತೆಗೆದುಕೊಂಡು, "ಕಣ್ಣು ಮುಚ್ಚಿ ಕೂಡ್ರಿ. ಅವಸರ ಬ್ಯಾಡ. ತುಟಿಗೆ ಮುಟ್ಟಿದ್ದು ಗೊತ್ತಾದ್ರೆ ಹೇಳ್ರಿ" ಎಂದರು.

ಬಹಳ ಹೊತ್ತು ಕಾದೆ.

"ಇನ್ನೂ ಮುಟ್ಟಿಲ್ಲೇನ್ರಿ?" ಎಂದು ಕಣ್ಣು ತೆರೆದೆ. ಹತ್ತಿ ತುಟಿಯ ಮೇಲೇ ಇತ್ತು. ಅವರು ತಲೆ ತಗ್ಗಿಸಿದ್ದರು.