ಫರಸಿಯ ತೂತಿಗೆ ಹಾಕಿದ ಬೀಗ

ವಾಡಿಯಲ್ಲಿ ನನ್ನ ಕೆಲಸ. ಮನೆಯಿಂದ ನಮ್ಮೂರ ಸ್ಟೇಷನ್ನಿನವರೆಗೆ ಸೈಕಲ್, ಅಲ್ಲಿಂದ ರೈಲು. ಸ್ಟೇಷನ್ನಿನ ಹೊರಗೆ ಬೇಲಿಯಾಗಿ ಶಹಾಬಾದಿನ ಫರಸಿ ಕಲ್ಲಿನ ಚಪ್ಪಡಿಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ತಂತಿ ಹಾಯಿಸಲೆಂದು ಪ್ರತಿ ಕಲ್ಲಿನ ತುದಿಯಲ್ಲಿ ಒಂದು ತೂತು. ತಂತಿಯನ್ನು ಯಾರೋ ಎಂದೋ ಒಯ್ದಿದ್ದಾರೆ. ಕಬ್ಬಿಣ ಹೋಗುತ್ತದೆ, ಕಲ್ಲು ಎಲ್ಲಿಗೆ ಹೋದೀತು? ಗೋಡೆ, ನೆಲ, ಚಾವಣಿ ಎಲ್ಲವೂ ಫರಸಿಯದೇ ಆದ ನಮ್ಮ ಕಡೆಯವರು ಹೀಗೇ ಯೋಚಿಸುತ್ತಾರೆ. ನಾನೂ ಆ ತೂತಿನೊಳಗೆ ಸರಪಳಿ ತೂರಿಸಿ, ಬೀಗ ಹಾಕಿ, ನಿಶ್ಚಿಂತೆಯಿಂದ ರೈಲು ಹತ್ತುತ್ತಿದ್ದೆ.

ಕಳೆದ ತಿಂಗಳು ಒಂದು ಸಂಜೆ ಇಳಿದು ಬಂದರೆ ಸೈಕಲ್ಲಿಲ್ಲ. ತೂತಿನ ಮೇಲಂಚು ಒಡೆದು ಬಾಯಿ ಬಿಟ್ಟಿತ್ತು. ಮನೆಯಿಂದ ನಡೆದು ಬಂದರೆ ಬೆಳಗಿನ ರೈಲು ಸಿಗುವುದಿಲ್ಲ, ಆ ಹೊತ್ತಿಗೆ ಬಸ್ಸೂ ಇಲ್ಲ. ಮೈಯೆಲ್ಲ ಉರಿದು ನೇರ ಠಾಣೆಗೆ ಹೋದೆ.

ಹವಾಲ್ದಾರ ಬರೆಯುತ್ತ ಕೇಳಿದ: “ಮುಂಜಾನಿ ಆ ತೂತು ನೆಟ್ಟಗ ಇತ್ತೇನ್ರಿ?”

“ಇತ್ತು ಅನಸ್ತದ್ರಿ.”

ಪೆನ್ನು ನಿಂತಿತು. “ಅನಸ್ತದ ಅಂತ ಬರೀಲಿಕ್ಕ ಬರಂಗಿಲ್ರಿ ಸರ. ಇತ್ತೋ, ಇಲ್ಲೋ?”

ಕಣ್ಣಾರೆ ಕಂಡದ್ದನ್ನೂ ಎರಡು ಸಲ ಅನುಮಾನಿಸು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ಆ ಓದು ಅವತ್ತು ಮುಳುವಾಯಿತು. ನಿಜವಾಗಿ ನೋಡಿದ್ದೆನೇ? ರೂಢಿಯಿಂದ ಕೈ ಮಾಡುವ ಕೆಲಸವನ್ನು ಕಣ್ಣು ನೋಡುವುದಿಲ್ಲ. ಆ ಬೆಳಗು ಎಂದು ನೆನಪಿಗೆ ಬರುತ್ತಿದ್ದುದು ಯಾವ ವರ್ಷದ ಬೆಳಗೋ!

ಹವಾಲ್ದಾರ ಜಾಗ ನೋಡಲು ಬಂದ. ಬೇಲಿಯ ಹತ್ತಿರ ಬೀಡಿ ಸೇದುತ್ತಿದ್ದ ಮುದುಕನೊಬ್ಬ, ಖಣಿಯಲ್ಲಿ ಕಲ್ಲು ಸೀಳಿ ಹಣ್ಣಾದವನು, ಒಡಕಿನ ಮೇಲೆ ಬೆರಳಾಡಿಸಿ ನಕ್ಕ.

“ಇದು ಇವತ್ತಿಂದಲ್ಲ ಬಿಡ್ರಿ. ಹೊಸಾ ಒಡಕು ಬೆಳ್ಳಗ ಇರ್ತದ. ಇದ್ರಾಗ ಧೂಳ ಕುಂತು ಗಟ್ಟಿ ಆಗ್ಯಾದ. ಸಾಹೇಬ್ರು ಸರಪಳಿ ಕಟ್ಟಿಲ್ಲ, ಕಲ್ಲಿಗಿ ಹಾರ ಹಾಕ್ಯಾರ!”

ಸುತ್ತ ನಿಂತವರೆಲ್ಲ ನಕ್ಕರು. ಹವಾಲ್ದಾರನೂ ನಕ್ಕ. “ಕಟ್ಟಿದ್ದು ಹೋದ್ರ ಕಳವು, ಬಿಟ್ಟಿದ್ದು ಹೋದ್ರ ಕಳಕೊಂಡಿದ್ದು. ಕಳದದ ಅಂತ ಬರಕೊಡ್ರಿ, ಮುಗೀತದ.”

ತಿಂಗಳುಗಟ್ಟಲೆ ಗಾಳಿಗೆ ಬೀಗ ಹಾಕಿದ್ದೆ, ಒಪ್ಪಿದೆ. ಪೆದ್ದತನ ನನ್ನದೇ. ಆದರೆ ಸೈಕಲ್ಲನ್ನು ಒಯ್ದದ್ದು ನನ್ನ ಪೆದ್ದತನವಲ್ಲ. ಯಾವನೋ ನಿಂತು ನೋಡಿ, ಸರಪಳಿ ಮೇಲೆತ್ತಿ, ಬೀಗದ ಸಮೇತ ಹೊತ್ತುಕೊಂಡು ಹೋಗಿದ್ದಾನೆ. ಬಾಗಿಲು ಹಾಕದ ಮನೆಗೆ ನುಗ್ಗಿದವನನ್ನು ಬೀಗರು ಎನ್ನುತ್ತಾರೆಯೇ?

ಠಾಣೆಗೆ ಮರಳಿ ಅರ್ಜಿ ಬರೆದೆ: ತೂತು ಒಡೆದಿತ್ತೋ ಇಲ್ಲವೋ ನೆನಪಿಲ್ಲ. ಸೈಕಲ್ಲನ್ನು ಕದ್ದಿದ್ದಾರೆ.

“ನೆನಪಿಲ್ಲ ಅಂತೀರಿ, ಕದ್ದಾರ ಅಂತ ಹ್ಯಾಂಗ ಬರೀತೀರಿ?”

“ನೆನಪಿಲ್ಲದ್ದು ನಾ ಮಾಡಿದ್ದುರಿ. ಅಂವ ಮಾಡಿದ್ದಕ್ಕ ನನ್ನ ನೆನಪು ಯಾಕ ಬೇಕು?”

ಆತ ಇನ್ನೊಮ್ಮೆ ಓದಿದ. ಬದಲಾಯಿಸಿರಿ ಎಂದ. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಮೊಹರು ಒತ್ತಿ ಪ್ರತಿ ಕೊಟ್ಟ. ಸೈಕಲ್ ಇನ್ನೂ ಸಿಕ್ಕಿಲ್ಲ. ಕಳೆದಿದೆ ಎಂದು ಮಾತ್ರ ಇವತ್ತಿಗೂ ನನ್ನ ಬಾಯಿಂದ ಬಂದಿಲ್ಲ.