ನಾಲ್ಕು ಕಾಲಂಗಳ ತಂಗಿ

ಮೊನ್ನೆ ದಾವಣಗೆರೆಯ ಕೆ.ಬಿ. ಬಡಾವಣೆಯ ಅಂಗಡಿಯಲ್ಲಿ ಮಂಡಕ್ಕಿ ಕಟ್ಟಿಸಿಕೊಂಡೆ. ಆಗಷ್ಟೇ ಭಟ್ಟಿಯಿಂದ ಬಂದಿದ್ದ ಮೂಟೆ, ಇನ್ನೂ ಬಿಸಿ ಆರಿರಲಿಲ್ಲ. ಆ ಕಾದ ಮರಳಿನ ವಾಸನೆ ಮೂಗಿಗೆ ಬಡಿದದ್ದೇ ನಾನು ತಂಗಿ ಎಂದು ಕರೆಯುತ್ತಿದ್ದ ಹರಿಹರದ ಹುಡುಗಿ ನೆನಪಾದಳು... ಅವಳ ಚೀಲದಲ್ಲಿ ಪುಸ್ತಕಗಳ ಜೊತೆ ಒಂದು ಪೊಟ್ಟಣ ಮಂಡಕ್ಕಿ ಇದ್ದೇ ಇರುತ್ತಿತ್ತು.

ನಾನು ಹೆದ್ದಾರಿ ಬದಿಯ ಖಾಸಗಿ ವಿಶ್ವವಿದ್ಯಾಲಯವೊಂದರ ಕಾನೂನು ವಿಭಾಗದಲ್ಲಿ ಗುಮಾಸ್ತ. ಪಿಎಚ್.ಡಿ. ಫೈಲುಗಳೆಲ್ಲ ನನ್ನ ಟೇಬಲ್ಲಿಗೇ ಬರುತ್ತವೆ. ಅವಳು ಅಲ್ಲಿ ಸಂಶೋಧನೆಗೆ ಸೇರಿದ್ದಳು. ಅವಳ ಅಬ್ಬಾ ದಾವಣಗೆರೆಯ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುತ್ತಿದ್ದರು. ಅವಳು ಆರಿಸಿಕೊಂಡ ವಿಷಯವೂ ಭಟ್ಟಿ ಕೂಲಿಗಳಿಗೆ ಕಾನೂನು ಏನು ಕೊಟ್ಟಿದೆ ಎಂಬುದೇ. ಸಂಶೋಧನೆಗಿದ್ದ ಉಳಿದ ಆರು ಮಂದಿಯೂ ಗಂಡಸರು; ವಕೀಲರ ಮಕ್ಕಳು, ಬಡ್ತಿಗೆ ಡಾಕ್ಟರೇಟ್ ಬೇಕಾದ ಉಪನ್ಯಾಸಕರು. ಅವರು ಕಾರಿನಲ್ಲಿ ಬಂದು ಸಹಿ ಹಾಕಿ ಹೋಗುತ್ತಿದ್ದರು. ಇವಳು ಬಸ್ಸಿನಲ್ಲಿ ಬಂದು, ಬೀಗ ಹಾಕುವವರೆಗೂ ಗ್ರಂಥಾಲಯದಲ್ಲಿ ಕೂತಿರುತ್ತಿದ್ದಳು. ನನಗೆ ಅವಳನ್ನು ಕಂಡರೆ ಹೆಮ್ಮೆ. ನನ್ನ ಮಗಳೇನಲ್ಲ, ಆದರೂ.

ಅವಳು ಮೂರನೇ ವರ್ಷದಲ್ಲಿದ್ದಾಗ ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುವ ಮೌಲ್ಯಮಾಪನ ಸಮಿತಿ ಬರುವುದಿತ್ತು. ನಮ್ಮ ವಿಭಾಗದಲ್ಲಿ ಯಾವ ಯಾವ ತರಹದ ಪಿಎಚ್.ಡಿ. ವಿದ್ಯಾರ್ಥಿಗಳಿದ್ದಾರೆಂದು ಪಟ್ಟಿ ಮಾಡಬೇಕು: ಮಹಿಳೆಯರು, ಅಲ್ಪಸಂಖ್ಯಾತರು, ಕೂಲಿಕಾರರ ಮಕ್ಕಳು, ಮನೆತನದಲ್ಲಿ ಮೊದಲ ಪದವೀಧರರು. ನಾಲ್ಕು ಕಾಲಂಗಳಿಗೂ ಸಲ್ಲುವವಳು ಅವಳೊಬ್ಬಳೇ. ನಾಲ್ಕರಲ್ಲೂ ಅವಳನ್ನೇ ಬರೆದೆ. ತೋರಿಸಿದಾಗ ಬಾಯಿಗೆ ಸೆರಗು ಒತ್ತಿ ನಕ್ಕಳು.

"ನಾನೊಬ್ಳೇ ನಾಕ್ ಮಂದಿ ಆದ್ನಲ್ರಿ ಅಣ್ಣಾರೆ! ಫೀಸು ಮಾತ್ರ ಒಬ್ಬಳದ್ದೇ ತಗೊಳ್ರಿ."

ಆ ಒಬ್ಬಳ ಫೀಸೇ ಅವಳ ಕೈಗೆ ಎಟುಕುತ್ತಿರಲಿಲ್ಲ. ಬರುತ್ತಿದ್ದ ವಿದ್ಯಾರ್ಥಿವೇತನ ನಿಂತುಹೋಗಿತ್ತು. ಫೀಸು ಕಟ್ಟದಿದ್ದರೆ ನೋಂದಣಿ ರದ್ದು, ಪ್ರಬಂಧವನ್ನು ಮುಟ್ಟುವವರಿಲ್ಲ. ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಎಂದು ಅರ್ಜಿ ಬರೆದು ತಂದಳು. ನಾನು ಅದನ್ನು ಡ್ರಾಯರಿನಲ್ಲಿಟ್ಟೆ. ಯಾವ ಫೈಲನ್ನು ಯಾವ ಗಳಿಗೆಯಲ್ಲಿ ಕುಲಸಚಿವರ ಮುಂದಿಡಬೇಕು ಅನ್ನುವುದರಲ್ಲಿ ನಾನು ಎತ್ತಿದ ಕೈ ಎಂದು ನನಗೊಂದು ಜಂಬ.

"ಕಮಿಟಿ ಬಂದು ಹೋಗ್ಲಿ ತಂಗಿ, ಈಗ ಬ್ಯಾಡ. ಆಮ್ಯಾಲೆ ಸಾಹೇಬ್ರು ಖುಷಿಯಾಗಿರ್ತಾರ," ಎಂದೆ. ನನ್ನ ಮಾತನ್ನು ಅವಳು ನಂಬಿದಳು.

ಸಮಿತಿಯವರು ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು ಮಾತಾಡಿಸಿದರು, ಬಹಳ ಹೊಗಳಿದರು. ಒಳ್ಳೆಯ ದರ್ಜೆ ಬಂತು, ಎಲ್ಲರಿಗೂ ಸಿಹಿ ಹಂಚಿದರು. ಅವತ್ತೇ ಅರ್ಜಿ ಇಟ್ಟೆ. ಕುಲಸಚಿವರು ಪೂರ್ತಿ ಓದಲೂ ಇಲ್ಲ. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎಂದು ಫೈಲು ಹಿಂದಕ್ಕೆ ತಳ್ಳಿದರು. ಮತ್ತೆರಡು ಸಲ ಇಟ್ಟೆ, ಬೈಸಿಕೊಂಡೆ. ಸಮಿತಿ ಬರುವ ಮುಂಚೆ ಇಟ್ಟಿದ್ದರೆ ಸಹಿ ಬೀಳುತ್ತಿತ್ತು. ಆಗ ಅವರಿಗೆ ಅವಳು ಬೇಕಾಗಿದ್ದಳು. ಇಷ್ಟು ವರ್ಷ ಫೈಲು ತಿರುವಿದ ನನಗೆ ಅದು ಹೊಳೆಯಲಿಲ್ಲವಲ್ಲ...

ನೋಂದಣಿ ರದ್ದಾದ ಮೇಲೆ ಅಂಕಪಟ್ಟಿಗಳನ್ನು ವಾಪಸ್ ಪಡೆಯಲು ಬಂದಳು. ರದ್ದತಿ ಪತ್ರಕ್ಕೆ ಮುದ್ರೆ ಒತ್ತಿದ್ದು ನಾನೇ. ನನ್ನ ಕಣ್ಣಲ್ಲಿ ನೀರು ನೋಡಿ ಅವಳೇ ಸಮಾಧಾನ ಹೇಳಿದಳು.

"ನೀವೇನ್ ಮಾಡ್ತೀರಿ ಬಿಡ್ರಿ. ಬರ್ದಿರೋ ಮೂರು ಅಧ್ಯಾಯ ಕೊಡ್ರಿ. ಅಬ್ಬಾಗೆ ಓದಿ ಹೇಳ್ತೀನಿ."

ಅವಳ ಫೋನ್ ನಂಬರ್ ಇನ್ನೂ ನನ್ನ ಹತ್ತಿರ ಇದೆ. ಯಾವ ಮುಖ ಇಟ್ಟುಕೊಂಡು ಮಾಡಲಿ? ಈಗೆಲ್ಲಿದ್ದಾಳೋ, ಏನು ಮಾಡುತ್ತಿದ್ದಾಳೋ ಗೊತ್ತಿಲ್ಲ. ಫೀಸು ಆಮೇಲೂ ಏರಿತು. ಅವಳಂಥವರು ಮತ್ತೆ ನಮ್ಮ ವಿಭಾಗದ ಕಡೆ ತಲೆ ಹಾಕಲಿಲ್ಲ.

ಈ ವರ್ಷ ಮತ್ತೆ ಸಮಿತಿ ಬರುತ್ತಿದೆ. ನಿನ್ನೆ ಕುಲಸಚಿವರು ಪಟ್ಟಿ ನೋಡಿ, "ಒಬ್ರೂ ಇಲ್ವೇನ್ರಿ?" ಎಂದರು.

"ಒಬ್ರು ಇದ್ರು ಸಾರ್," ಎಂದೆ.

"ಇದ್ದೋರ್ನ ಬಿಡ್ರಿ. ಈಗ ಇರೋರ್ನ ಬರೀರಿ."

ನಾಲ್ಕೂ ಕಾಲಂಗಳಲ್ಲಿ ಸೊನ್ನೆ ಬರೆದು, ಕೆಳಗೆ ನನ್ನ ಸಹಿ ಹಾಕಿದೆ.